ಶಾಸಕರ ಸಂಬಳದ ಚೀಟಿ ಎಲ್ಲಿ ಸಿಗುತ್ತದೆ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವವರಿಗೆ ಸಂಬಳದ ಚೀಟಿ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ಪಿಎಫ್‌ಗೆ ಹೋದದ್ದೆಷ್ಟು, ಓಟಿ ಸೇರಿದೆಯೋ ಇಲ್ಲವೋ ಎಂದು ಸಾಲು ಸಾಲಾಗಿ ನೋಡುತ್ತಾರೆ. ಅದೇ ಜನರನ್ನು, ನೀವು ಮತ ಹಾಕಿ ಗೆಲ್ಲಿಸಿದ ಶಾಸಕರಿಗೆ ಖಜಾನೆಯಿಂದ ತಿಂಗಳಿಗೆ ಏನೇನು ಹೋಗುತ್ತದೆ ಎಂದು ಕೇಳಿದರೆ ಉತ್ತರ ಬರುವುದು ಬರೀ ಅಂದಾಜಿನಲ್ಲಿ. ಅಂದಾಜಿಗೆ ಇಲ್ಲಿ ಜಾಗವಿಲ್ಲ. ಬಹುಪಾಲು ವಿವರ ಕಾನೂನಿನ ಪುಸ್ತಕದಲ್ಲೇ ಅಚ್ಚಾಗಿದೆ, ಉಳಿದದ್ದನ್ನು ಕೇಳಿ ಪಡೆಯುವ ಹಕ್ಕು ನಮಗಿದೆ. ತೊಡಕೆಂದರೆ, ಎಲ್ಲವೂ ಒಂದೇ ಕಚೇರಿಯಲ್ಲಿ ಇಲ್ಲ. ಒಂದು ಕಡತ ಬೆಂಗಳೂರಿನಲ್ಲಿದೆ, ಇನ್ನೊಂದು ಬಳ್ಳಾರಿಯಲ್ಲಿದೆ, ಮತ್ತೊಂದು ದೆಹಲಿಯಲ್ಲಿದೆ. ಯಾವ ಬಾಗಿಲು ತಟ್ಟಬೇಕು, ಏನೆಂದು ಕೇಳಬೇಕು ಎನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕಾನೂನು. ಶಾಸಕರ ಸಂಬಳವನ್ನು ಶಾಸಕಾಂಗವೇ ಕಾನೂನು ಮಾಡಿ ನಿಗದಿಪಡಿಸಬೇಕು ಎನ್ನುತ್ತದೆ ಸಂವಿಧಾನದ 195ನೇ ವಿಧಿ. ಸಂಸದರಿಗೆ ಇದೇ ಮಾತನ್ನು 106ನೇ ವಿಧಿ ಹೇಳುತ್ತದೆ, ಸಚಿವರಿಗೆ 164(5). ಅಂದರೆ ತಮ್ಮ ಸಂಬಳವನ್ನು ತಾವೇ ತೀರ್ಮಾನಿಸಿಕೊಳ್ಳುವ ಅಧಿಕಾರ ಅವರಿಗಿದೆ. ಆದರೆ ಆ ತೀರ್ಮಾನ ಗುಟ್ಟಾಗಿ ನಡೆಯುವಂತಿಲ್ಲ. ಮಸೂದೆಯಾಗಿ ಸದನಕ್ಕೆ ಬರಬೇಕು, ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ನಮ್ಮ ರಾಜ್ಯದಲ್ಲಿ ಇದಕ್ಕಾಗಿ 1956ರ ಎರಡು ಅಧಿನಿಯಮಗಳಿವೆ: ವಿಧಾನಮಂಡಲದವರ ಸಂಬಳ, ನಿವೃತ್ತಿ ವೇತನ ಮತ್ತು ಭತ್ಯೆಗಳದ್ದು ಒಂದು, ಸಚಿವರ ಸಂಬಳ ಮತ್ತು ಭತ್ಯೆಗಳದ್ದು ಇನ್ನೊಂದು. ಎರಡೂ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನಾ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಇವುಗಳನ್ನು ಓದುವುದಕ್ಕೆ ಅರ್ಜಿಯೂ ಬೇಡ, ಶುಲ್ಕವೂ ಬೇಡ.

2025ರ ಮಾರ್ಚ್ 21ರಂದು ಈ ಎರಡೂ ಕಾನೂನುಗಳಿಗೆ ತಿದ್ದುಪಡಿ ಮಸೂದೆಗಳು ವಿಧಾನಸಭೆಯಲ್ಲಿ ಅಂಗೀಕಾರವಾದವು. ಸದನದಲ್ಲಿ ಅಂದು ಬೇರೆ ವಿಷಯಕ್ಕೆ ಗದ್ದಲ ಎದ್ದಿತ್ತು, 18 ಶಾಸಕರು ಅಮಾನತಾದದ್ದೂ ಅದೇ ದಿನ. ಆ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಶಾಸಕರ ಮಾಸಿಕ ವೇತನ 40,000ದಿಂದ 80,000 ರೂಪಾಯಿಗೆ ಏರಿತು. ಮುಖ್ಯಮಂತ್ರಿಯದು 75,000ದಿಂದ 1.5 ಲಕ್ಷಕ್ಕೆ, ಸಚಿವರದು 60,000ದಿಂದ 1.25 ಲಕ್ಷಕ್ಕೆ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಹೋಯಿತು. ಮೂರು ವರ್ಷದ ಹಿಂದೆಯಷ್ಟೇ, 2022ರಲ್ಲಿ, ಶಾಸಕರ ವೇತನ 25,000ದಿಂದ 40,000ಕ್ಕೆ ಏರಿತ್ತು. ಶಾಸಕರಿಗೆ ಒಳ್ಳೆಯ ಸಂಬಳ ಕೊಡುವುದಕ್ಕೆ ನನ್ನ ವಿರೋಧವಿಲ್ಲ. ಸಂಬಳವೇ ಇಲ್ಲದಿದ್ದರೆ ದುಡ್ಡಿದ್ದವರು ಮಾತ್ರ ವಿಧಾನಸೌಧಕ್ಕೆ ಹೋಗಬಲ್ಲರು. ಸಂಡೂರು, ಕಂಪ್ಲಿಯಂತಹ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳಲ್ಲಿ ಬಡ ಮನೆಯ ಅಭ್ಯರ್ಥಿಗೆ ಈ ಸಂಬಳ ಆಸರೆಯಾಗಬೇಕು. ಆದರೆ ತಮ್ಮದೇ ಸಂಬಳವನ್ನು ದುಪ್ಪಟ್ಟು ಮಾಡಿಕೊಳ್ಳುವ ದಿನ ಒಂದು ಗಂಟೆಯ ಚರ್ಚೆಯನ್ನಾದರೂ ಜನರ ಮುಂದೆ ಮಾಡಬೇಕಿತ್ತು. ಅದು ತಪ್ಪು ನಡೆ, ತಪ್ಪೆಂದೇ ಹೇಳಬೇಕು.

ಸಂಸದರ ವಿಷಯದಲ್ಲಿ ಚರ್ಚೆಗೂ ಅವಕಾಶವಿಲ್ಲದ ವ್ಯವಸ್ಥೆ ಬಂದಿದೆ. 2018ರ ಹಣಕಾಸು ಅಧಿನಿಯಮ ಸಂಸದರ ವೇತನವನ್ನು ಬೆಲೆಯೇರಿಕೆಯ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಅದರಂತೆ 2025ರ ಮಾರ್ಚ್ 24ರ ಅಧಿಸೂಚನೆ ವೇತನವನ್ನು ಒಂದು ಲಕ್ಷದಿಂದ 1.24 ಲಕ್ಷಕ್ಕೆ, ದಿನಭತ್ಯೆಯನ್ನು 2,000ದಿಂದ 2,500 ರೂಪಾಯಿಗೆ ಏರಿಸಿ, 2023ರ ಏಪ್ರಿಲ್ 1ರಿಂದಲೇ ಜಾರಿ ಎಂದಿತು. ಬಳ್ಳಾರಿ ಲೋಕಸಭಾ ಕ್ಷೇತ್ರದ ಸಂಸದ ಇ. ತುಕಾರಾಂ ಅವರಿಗೂ, ದೇಶದ ಉಳಿದ ಸಂಸದರಿಗೂ ಇದೇ ದರ.

ಸಂಬಳದ ಮಾತು ಇಲ್ಲಿಗೆ ಸಾಕು. ನಿಜವಾಗಿ ಕೇಳಬೇಕಾದದ್ದು ಭತ್ಯೆಗಳ ಬಗ್ಗೆ. ಭತ್ಯೆಯಲ್ಲಿ ಎರಡು ಬಗೆ. ದೂರವಾಣಿ, ಅಂಚೆ, ಕ್ಷೇತ್ರ ಭತ್ಯೆಯಂಥವು ತಿಂಗಳಿಗೆ ಇಂತಿಷ್ಟು ಎಂದು ಬರುತ್ತವೆ. ಖರ್ಚಾಗಲಿ ಬಿಡಲಿ, ಬಿಲ್ಲು ಕೊಡಬೇಕಾಗಿಲ್ಲ. ಆದ್ದರಿಂದ 'ದೂರವಾಣಿ ಬಿಲ್ಲಿನ ಪ್ರತಿ ಕೊಡಿ' ಎಂದು ಅರ್ಜಿ ಹಾಕಿದರೆ 'ಮಾಹಿತಿ ಲಭ್ಯವಿಲ್ಲ' ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಎರಡನೆಯ ಬಗೆಯದು ಲೆಕ್ಕ ಕೊಟ್ಟು ಪಡೆಯುವಂಥದ್ದು: ಅಧಿವೇಶನಕ್ಕೆ ಮತ್ತು ಸಮಿತಿ ಸಭೆಗಳಿಗೆ ಹೋದ ಪ್ರಯಾಣ ಭತ್ಯೆ, ದಿನಭತ್ಯೆ, ವೈದ್ಯಕೀಯ ವೆಚ್ಚದ ಮರುಪಾವತಿ. ಇಲ್ಲಿ ಬಿಲ್ಲು ಇದೆ, ಸಹಿ ಇದೆ, ದಿನಾಂಕವಿದೆ. ಇದರ ಕಡತ ಇರುವುದು ಬೆಂಗಳೂರಿನ ವಿಧಾನಸಭೆ ಸಚಿವಾಲಯದಲ್ಲಿ, ವಿಧಾನ ಪರಿಷತ್ತಿನವರದು ಪರಿಷತ್ತಿನ ಸಚಿವಾಲಯದಲ್ಲಿ, ಸಂಸದರದು ನವದೆಹಲಿಯ ಲೋಕಸಭಾ ಸಚಿವಾಲಯದಲ್ಲಿ. ಮೂರೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರಗಳೇ.

ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಲ್ಲಿ ಒಂದು ಕಟ್ಟು ಇದೆ: ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಸಿಟ್ಟು, ದೂರು, ಪೀಠಿಕೆ ಬರೆಯುತ್ತಾ ಹೋದರೆ ಪದಗಳೆಲ್ಲ ಅದಕ್ಕೇ ಖರ್ಚಾಗುತ್ತವೆ. 'ಇಷ್ಟು ಯಾಕೆ ಖರ್ಚು ಮಾಡಿದಿರಿ' ಎಂದು ಕೇಳಬೇಡಿ. ಮಾಹಿತಿ ಅಧಿಕಾರಿ ಕಾರಣ ಹುಡುಕಿ ಕೊಡಬೇಕಾದವರಲ್ಲ, ಕಡತದಲ್ಲಿರುವ ದಾಖಲೆ ಕೊಡಬೇಕಾದವರು. ಅರ್ಜಿಯ ಒಡಲು ಹೀಗಿದ್ದರೆ ಸಾಕು:

'ವಿಷಯ: ಕಂಪ್ಲಿ ವಿಧಾನಸಭಾ ಕ್ಷೇತ್ರದ ಶಾಸಕರಿಗೆ ಪಾವತಿಯಾದ ವೇತನ ಮತ್ತು ಭತ್ಯೆ. 2025ರ ಏಪ್ರಿಲ್ 1ರಿಂದ 2025ರ ಸೆಪ್ಟೆಂಬರ್ 30ರವರೆಗೆ ಸದರಿ ಶಾಸಕರಿಗೆ ಪಾವತಿಯಾದ ವೇತನ ಮತ್ತು ಭತ್ಯೆಗಳ ತಿಂಗಳುವಾರು, ಬಾಬ್ತುವಾರು ವಿವರದ ದೃಢೀಕೃತ ಪ್ರತಿ. ಅದೇ ಅವಧಿಯ ಪ್ರಯಾಣ ಭತ್ಯೆ ಮತ್ತು ದಿನಭತ್ಯೆ ಬಿಲ್ಲುಗಳ ದೃಢೀಕೃತ ಪ್ರತಿ. ಅದೇ ಅವಧಿಯಲ್ಲಿ ಮರುಪಾವತಿಯಾದ ವೈದ್ಯಕೀಯ ವೆಚ್ಚದ ಒಟ್ಟು ಮೊತ್ತ. ಈ ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಕಾಯ್ದೆಯ 6(3)ರಂತೆ ಐದು ದಿನಗಳೊಳಗೆ ವರ್ಗಾಯಿಸಿ ತಿಳಿಸಬೇಕಾಗಿ ಕೋರಿಕೆ.'

ವೈದ್ಯಕೀಯ ವೆಚ್ಚಕ್ಕೆ ಮೊತ್ತ ಮಾತ್ರ ಕೇಳಿದ್ದನ್ನು ಗಮನಿಸಿ. ಯಾವ ಕಾಯಿಲೆ, ಯಾವ ಔಷಧ ಎನ್ನುವುದು ಆ ವ್ಯಕ್ತಿಯ ಖಾಸಗಿ ಸಂಗತಿ, ಕೇಳುವುದು ಸರಿಯೂ ಅಲ್ಲ. ಖಜಾನೆಯಿಂದ ಎಷ್ಟು ಹೋಯಿತು ಎನ್ನುವುದು ಮಾತ್ರ ಸಾರ್ವಜನಿಕ ಸಂಗತಿ.

ರಾಜ್ಯ ಸರ್ಕಾರದ ನಿಯಮದಂತೆ ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ಬಿಪಿಎಲ್ ಕುಟುಂಬದವರು ಪಡಿತರ ಚೀಟಿಯ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. ನಿಮಗೇಕೆ ಬೇಕು ಎಂದು ಯಾರೂ ಕೇಳುವಂತಿಲ್ಲ. 6(2)ರಲ್ಲಿ ಅದು ಸ್ಪಷ್ಟವಾಗಿದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದನ್ನು ನಿರಾಕರಣೆ ಎಂದೇ ತಿಳಿದು, ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ, ಸಂಸದರ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗಕ್ಕೆ. ಗಡುವು ಮೀರಿ ಕೊಟ್ಟ ಮಾಹಿತಿಗೆ ಪುಟದ ಶುಲ್ಕ ವಸೂಲಿ ಮಾಡುವಂತಿಲ್ಲ. ಸಕಾರಣವಿಲ್ಲದೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250ರಂತೆ, ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ನಿರಾಕರಣೆ ಎರಡು ರೂಪದಲ್ಲಿ ಬರಬಹುದು. 'ಸದನದ ಹಕ್ಕುಚ್ಯುತಿ' ಎಂದು 8(1)(ಸಿ) ತೋರಿಸಬಹುದು. ಆದರೆ ಪಾವತಿಯ ಬಿಲ್ಲು ಸದನದ ಕಲಾಪವಲ್ಲ, ಅದು ಖಜಾನೆಯ ದಾಖಲೆ. ಮೇಲ್ಮನವಿಯಲ್ಲಿ ಈ ಮಾತನ್ನು ಬರೆಯಿರಿ. ಇನ್ನೊಂದು, 'ವೈಯಕ್ತಿಕ ಮಾಹಿತಿ' ಎಂಬ 8(1)(ಜೆ). ಇಲ್ಲಿ ಎಚ್ಚರ ಬೇಕು. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿದ ಮಾಹಿತಿಯಾದರೆ ಈ ಕಲಂ ಅಡ್ಡ ಬರುವುದಿಲ್ಲ ಎಂಬ ಷರತ್ತು ಮೊದಲು ಅದರೊಳಗೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮನ್ನು ಬದಲಿಸಿತು. 2025ರ ನವೆಂಬರ್‌ನಲ್ಲಿ ಬದಲಾವಣೆ ಜಾರಿಗೆ ಬಂದು, 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂಬಷ್ಟೇ ಉಳಿದಿದೆ. ಇದು ಜನರ ಕೈಯಿಂದ ಕಿತ್ತುಕೊಂಡ ದೊಡ್ಡ ಆಯುಧ ಎಂದೇ ನಾನು ತಿಳಿದಿದ್ದೇನೆ. ಆದರೂ 8(2) ಹಾಗೇ ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಾಗಿದ್ದರೆ ವಿನಾಯಿತಿಯಿರುವ ಮಾಹಿತಿಯನ್ನೂ ಕೊಡಬಹುದು. ಹಾಗಾಗಿ ಸಾರ್ವಜನಿಕ ಹಣದ ಪಾವತಿಯಲ್ಲಿ ಸಾರ್ವಜನಿಕ ಹಿತವಿದೆ ಎನ್ನುವುದನ್ನು 8(2)ರ ಹೆಸರು ಹೇಳಿಯೇ ಬರೆಯಿರಿ.

ಈ ಅರ್ಜಿ, ಮೇಲ್ಮನವಿಯ ಓಡಾಟವೇ ಬೇಡವಾಗುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ 2009ರಲ್ಲಿ ಸಂಸದರ ವೆಚ್ಚದ ಬಿಲ್ಲುಗಳು ಪತ್ರಿಕೆಯೊಂದರಲ್ಲಿ ಹೊರಬಿದ್ದಾಗ ಸ್ಪೀಕರ್ ಮೈಕೆಲ್ ಮಾರ್ಟಿನ್ ಅವರೇ ಹುದ್ದೆ ಬಿಡಬೇಕಾಯಿತು. ಆ ಮೇಲೆ ಅಲ್ಲಿ ಒಂದು ಸ್ವತಂತ್ರ ಪ್ರಾಧಿಕಾರ ಬಂತು, ಈಗ ಪ್ರತಿ ಸಂಸದರ ವೆಚ್ಚವನ್ನು ಅದು ತಾನಾಗಿಯೇ ಪ್ರಕಟಿಸುತ್ತದೆ. ನಮ್ಮ ಕಾಯ್ದೆಯ 4ನೇ ಕಲಂ ಕೂಡ ಕೇಳುವ ಮುನ್ನವೇ ಪ್ರಕಟಿಸಿ ಎನ್ನುತ್ತದೆ. 224 ಶಾಸಕರ ಭತ್ಯೆಯ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಜಾಲತಾಣಕ್ಕೆ ಹಾಕುವುದು ವಿಧಾನಸಭೆ ಸಚಿವಾಲಯಕ್ಕೆ ಕಷ್ಟದ ಕೆಲಸವಲ್ಲ.

ಶಾಸಕರ ನಿಧಿಯನ್ನು ಜನ ಅವರ ಸಂಬಳದ ಜೊತೆ ಬೆರೆಸಿ ಮಾತಾಡುತ್ತಾರೆ, ಅದು ಬೇರೆ. ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ. ಇದು ಅವರ ಕೈಗೆ ಬರುವುದಿಲ್ಲ; ಅವರು ಕಾಮಗಾರಿ ಸೂಚಿಸುತ್ತಾರೆ, ಹಣ ಇರುವುದು ಜಿಲ್ಲಾಡಳಿತದ ಬಳಿ. ತೋರಣಗಲ್ಲು, ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ ಜಿಲ್ಲಾಧಿಕಾರಿ ಕಚೇರಿ. ಹೊಸಪೇಟೆ, ಹಂಪಿಯವರಿಗೆ 2021ರಿಂದ ವಿಜಯನಗರ ಜಿಲ್ಲೆಯ ಕಚೇರಿ. ಅದಕ್ಕೂ ಹಿಂದಿನ ಕಾಮಗಾರಿಯಾದರೆ ಕಡತ ಬಳ್ಳಾರಿಯಲ್ಲೇ ಹುಟ್ಟಿದ್ದು ಎನ್ನುವುದು ನೆನಪಿರಲಿ. ಶಾಸಕರ ಶಿಫಾರಸು ಪತ್ರ, ಆಡಳಿತಾತ್ಮಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕ, ಬಳಕೆ ಪ್ರಮಾಣಪತ್ರ ಇವಿಷ್ಟನ್ನೂ ಹೆಸರಿಸಿ ಕೇಳಿ. ಕಾಗದ ನೋಡುವುದಷ್ಟೇ ಅಲ್ಲ, ಕಾಮಗಾರಿಯನ್ನೇ ತಪಾಸಣೆ ಮಾಡುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ 2(ಜೆ)ಯಲ್ಲಿದೆ. ಗಣಿ ಸೀಮೆಯಾದ ನಮ್ಮಲ್ಲಿ ಇದಕ್ಕಿಂತ ದೊಡ್ಡ ಮೊತ್ತ ಜಿಲ್ಲಾ ಖನಿಜ ಪ್ರತಿಷ್ಠಾನದ್ದು. ಅದರ ಆಡಳಿತ ಮಂಡಳಿಯಲ್ಲಿ ಸಂಸದರೂ ಶಾಸಕರೂ ಇರುತ್ತಾರೆ. ಆ ಸಭೆಗಳ ನಡಾವಳಿಯನ್ನೂ ಇದೇ ರೀತಿ ಕೇಳಬಹುದು.

ಇನ್ನು ಚುನಾವಣೆಯ ಖರ್ಚು. ತುಕಾರಾಂ ಅವರು ಲೋಕಸಭೆಗೆ ಹೋದ ಮೇಲೆ ಸಂಡೂರಿಗೆ 2024ರ ನವೆಂಬರ್ 13ರಂದು ಉಪಚುನಾವಣೆ ನಡೆದು, 23ರಂದು ಫಲಿತಾಂಶ ಬಂತು. ಇ. ಅನ್ನಪೂರ್ಣ ಅವರು ಗೆದ್ದರು. ಗೆದ್ದವರಿರಲಿ, ಸೋತವರಿರಲಿ, ಫಲಿತಾಂಶದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಕೊಡಬೇಕು ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 78ನೇ ಕಲಂ. ಆ ಚುನಾವಣೆಯಲ್ಲಿ ಇದ್ದ ಮಿತಿ 40 ಲಕ್ಷ ರೂಪಾಯಿ. ಲೆಕ್ಕ ಬಂದ ಎರಡು ದಿನದಲ್ಲಿ, ಅದನ್ನು ಎಲ್ಲಿ, ಎಷ್ಟು ಹೊತ್ತಿಗೆ ನೋಡಬಹುದು ಎಂದು ಸೂಚನಾ ಫಲಕಕ್ಕೆ ಹಚ್ಚಬೇಕು. 1961ರ ಚುನಾವಣಾ ನಿಯಮಗಳ 88ನೇ ನಿಯಮದಂತೆ ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು, ಶುಲ್ಕ ಒಂದು ರೂಪಾಯಿ. ಮಾಹಿತಿ ಹಕ್ಕಿನ 30 ದಿನ ಕಾಯುವ ಪ್ರಶ್ನೆಯೇ ಇಲ್ಲಿಲ್ಲ. ನಮ್ಮ ಹಳ್ಳಿಗಳಲ್ಲಿ ನಡೆದ ಸಭೆಗೆ ಎಷ್ಟು ಕುರ್ಚಿ, ಎಷ್ಟು ವಾಹನ ಬಂದಿದ್ದವು ಎನ್ನುವುದು ಆ ಊರಿನವರಿಗೆ ಗೊತ್ತಿರುವಷ್ಟು ಯಾವ ವೆಚ್ಚ ವೀಕ್ಷಕರಿಗೂ ಗೊತ್ತಿರುವುದಿಲ್ಲ. ಲೆಕ್ಕದ ಹಾಳೆಯನ್ನು ಊರಿನವರೇ ಓದಬೇಕು.

ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರದಲ್ಲಿ ಅಭ್ಯರ್ಥಿಯ, ಪತಿ ಅಥವಾ ಪತ್ನಿಯ, ಅವಲಂಬಿತರ ಆಸ್ತಿ, ಸಾಲ, ಐದು ವರ್ಷದ ಆದಾಯದ ವಿವರ ಇರುತ್ತದೆ. ಇದು ಬಂದದ್ದು 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಆದರೆ ಇದು ಚುನಾವಣೆ ಬಂದಾಗ ಮಾತ್ರ ಸಿಗುವ ಲೆಕ್ಕ. ನಡುವಿನ ವರ್ಷಗಳಿಗೆ ಕರ್ನಾಟಕದಲ್ಲಿ ಇನ್ನೊಂದು ಕಾನೂನಿದೆ, ಅದು ಅನೇಕರಿಗೆ ತಿಳಿದೇ ಇಲ್ಲ. 1984ರ ಲೋಕಾಯುಕ್ತ ಅಧಿನಿಯಮದ 22ನೇ ಕಲಮಿನಂತೆ ಸಚಿವರು, ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಅದಾಗಿ ಎರಡು ತಿಂಗಳಾದರೂ ಕೊಡದವರ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅಕ್ರಮ ಗಣಿಗಾರಿಕೆ ಈ ಸೀಮೆಗೆ ಏನು ಮಾಡಿತು ಎನ್ನುವುದನ್ನು 2011ರ ಜುಲೈ 27ರಂದು ವರದಿ ಕೊಟ್ಟು ದೇಶಕ್ಕೆ ತೋರಿಸಿದ್ದು ಅದೇ ಲೋಕಾಯುಕ್ತ ಸಂಸ್ಥೆ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಕಾಲದಲ್ಲಿ.

ಅರ್ಜಿ ಬರೆಯಲು ನೆರವು ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮಾತ್ರವಲ್ಲ, ಕೈಗಾರಿಕಾ ಕಾರ್ಮಿಕರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ಒಬ್ಬರೇ ಮುಂದೆ ಬರಲು ಅಳುಕಿದರೆ ನಾಲ್ಕು ಜನ ನಾಲ್ಕು ಅರ್ಜಿ ಹಾಕಿ, ಅಂಚೆಯಲ್ಲೇ ಕಳಿಸಿ.

ಎಲ್ಲವನ್ನೂ ಒಟ್ಟಿಗೆ ಮಾಡಬೇಕಿಲ್ಲ. ಮುಂದಿನ ಜುಲೈನಲ್ಲಿ ಲೋಕಾಯುಕ್ತ ಕಚೇರಿಗೆ ಒಂದೇ ಒಂದು ಅರ್ಜಿ ಹಾಕಿ: ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಶಾಸಕರಲ್ಲಿ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಿದವರು ಯಾರು, ಸಲ್ಲಿಸದವರು ಯಾರು? ಬಂದ ಉತ್ತರವನ್ನು ನಿಮ್ಮ ಊರಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ.