ಬಿಸಿಲು ಮತ್ತು ಕಲ್ಲು

ಪ್ರಾಚೀನ ಸ್ಮಾರಕಗಳತ್ತ ಹೊರಡುವವರಲ್ಲಿ ಎರಡು ಬಗೆ. ನೋಡಿ ಬರುವವರು ಕೆಲವರು. ನೋಡಿ ಮುಗಿಸುವವರು ಹಲವರು. ಮಕ್ಕಳಿಗೆ ರಜೆ ದೊರೆಯುವುದು ಬೇಸಗೆಯಲ್ಲಿ. ಬಯಲುಸೀಮೆಯ ಕಲ್ಲು ಕಾದು ಕೆಂಡವಾಗುವುದೂ ಆಗಲೇ. ಹೀಗಾಗಿ ಕುಟುಂಬ ಸಮೇತ ಕೈಗೊಳ್ಳುವ ಪ್ರವಾಸಗಳಲ್ಲಿ ಆಯಾಸವು ತಪ್ಪದ ಸಂಗಾತಿ. ಆ ಆಯಾಸದಿಂದ ಏನಾದರೂ ಪ್ರಯೋಜನವುಂಟೇ? ಉಂಟೆಂದೇ ನನ್ನ ಅನುಭವ.

ಒಂದು ಮೇ ತಿಂಗಳಿನಲ್ಲಿ ನಮ್ಮ ಮನೆಯ ಆರು ಮಂದಿ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಒಂದೇ ದಿನದಲ್ಲಿ ಹೋಗಿದ್ದೆವು. ಮಗ, ಸೊಸೆ, ಅವರ ಇಬ್ಬರು ಮಕ್ಕಳು, ನಾನು, ಎಪ್ಪತ್ತು ದಾಟಿದ ನನ್ನ ಅಕ್ಕ. ಐಹೊಳೆಯ ಶಾಸನದ ಹೆಸರನ್ನು ಅಕ್ಕ ಬಾಲ್ಯದಲ್ಲಿ ಪಾಠಪುಸ್ತಕದಲ್ಲಿ ಓದಿದ್ದಳು. ಅದನ್ನು ಕಣ್ಣಾರೆ ಕಾಣಬೇಕೆಂಬುದು ಆಕೆಯ ಬಹುಕಾಲದ ಆಸೆ.

ಬೆಳಗಿನ ತಂಪಿನಲ್ಲಿಯೇ ಬಾದಾಮಿಯ ಮೆಟ್ಟಿಲುಗಳನ್ನೇರಿದೆವು. ಕೆಂಪು ಮರಳುಗಲ್ಲಿನ ಬೆಟ್ಟವನ್ನು ಕೊರೆದು ನಿರ್ಮಿಸಿದ ನಾಲ್ಕು ಗುಹಾಲಯಗಳು. ಕೆಳಗೆ ಅಗಸ್ತ್ಯತೀರ್ಥದ ವಿಶಾಲವಾದ ನೀರು. ಚಾಲುಕ್ಯರ ರಾಜಧಾನಿಯಾಗಿದ್ದ ವಾತಾಪಿ ಇದೇ. ಮೊದಲ ಗುಹೆಯ ನಟರಾಜನ ಮುಂದೆ ನಿಂತು ಮಕ್ಕಳು ತೋಳುಗಳನ್ನು ಎಣಿಸಿದರು; ಹದಿನೆಂಟು ಇದ್ದುವು. ಮೂರನೆಯ ಗುಹೆಯಲ್ಲಿ ಮಂಗಳೇಶನು ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಹೀಗೆ ಕಲ್ಲೇ ತನ್ನ ವಯಸ್ಸನ್ನು ಹೇಳುವ ಸ್ಥಳಗಳು ವಿರಳ. ನಾಲ್ಕನೆಯದಾದ ಜೈನ ಗುಹೆಯನ್ನು ತಲುಪುವಷ್ಟರಲ್ಲಿ ಬಿಸಿಲೇರಿತ್ತು. “ಇನ್ನೂ ಎಷ್ಟಿದೆ?” ಎಂದು ಮೊಮ್ಮಗ ಕೇಳತೊಡಗಿದ್ದ.

ಊಟಕ್ಕೆ ಬನಶಂಕರಿಯಲ್ಲಿ ನಿಂತೆವು. ಅಲ್ಲಿ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರುಗಳನ್ನು ತಂದು ಮಾರುತ್ತಾರೆ. ನಮ್ಮ ಮುಖಗಳನ್ನು ನೋಡಿದ ಮುದುಕಿಯೊಬ್ಬಳು, “ಬಿಸಲಾಗ ಬಂದೀರಿ, ಒಂದೀಟು ನೆಳ್ಳಾಗ ಕುಂದರ್ರಿ. ಆಮ್ಯಾಲ ಉಣ್ಣೀರಂತ” ಎಂದಳು. ವ್ಯಾಪಾರಕ್ಕಿಂತ ಮೊದಲು ಬಂದ ಆ ಮಾತು ಅರ್ಧ ದಣಿವನ್ನು ಕಳೆಯಿತು.

ಪಟ್ಟದಕಲ್ಲನ್ನು ಮುಟ್ಟಿದಾಗ ನಡುಹಗಲು ಕಳೆದಿತ್ತು. ಮಲಪ್ರಭೆಯ ದಡದ ಈ ದೇವಾಲಯಗಳ ಸಮೂಹ 1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಮಾನ್ಯತೆ ಪಡೆಯಿತು. ಉತ್ತರದ ನಾಗರ ಶೈಲಿಯ ಶಿಖರಗಳೂ ದಕ್ಷಿಣದ ದ್ರಾವಿಡ ಶೈಲಿಯ ವಿಮಾನಗಳೂ ಇಲ್ಲಿ ನೆರೆಹೊರೆಯವರಂತೆ ನಿಂತಿವೆ. ಆದರೆ ಆ ಹೊತ್ತಿನಲ್ಲಿ ಯಾರಿಗೆ ಬೇಕಿತ್ತು ಶೈಲಿಗಳ ವಿಚಾರ? ಪಾದರಕ್ಷೆಗಳನ್ನು ಕಳಚಿ, ಕಾದ ಕಲ್ಲಿನ ಮೇಲೆ ಕುಪ್ಪಳಿಸುತ್ತ ವಿರೂಪಾಕ್ಷ ದೇವಾಲಯದೊಳಕ್ಕೆ ಓಡಿದೆವು.

ಒಳಗೆ ತಂಪು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗೋಡೆಯ ಜಾಲಂಧ್ರಗಳು ಕಾಣಿಸಿದುವು. ದಪ್ಪ ಕಲ್ಲಿನ ಗೋಡೆ ಬೇಗ ಕಾಯದು. ಜಾಲಂಧ್ರದ ಕಿರಿಯ ಕಂಡಿಗಳು ಬೆಳಕನ್ನು ಸೋಸಿ, ಗಾಳಿಯನ್ನು ಒಳಬಿಡುತ್ತವೆ. ಚಿತ್ರದಲ್ಲಿ ನೋಡಿದವನಿಗೆ ಅದು ಅಲಂಕಾರ. ಬಿಸಿಲಿನಲ್ಲಿ ಬೆಂದು ಬಂದವನಿಗೆ ಅದು ಉಪಕಾರ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ ಇದನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಇಲ್ಲಿಯ ಶಾಸನ ಉಳಿಸಿದೆ.

ಹೊರಗೆ ಬಂದೊಡನೆ ಮನೆಯವರಲ್ಲಿ ವಾದ ಹುಟ್ಟಿತು. “ಮಕ್ಕಳು ಬಾಡಿ ಹೋಗಿದ್ದಾರೆ, ಹಿಂದಿರುಗೋಣ” ಎಂದಳು ಸೊಸೆ. “ಇಷ್ಟು ದೂರ ಬಂದು ಐಹೊಳೆಯನ್ನು ಬಿಟ್ಟು ಹೋಗುವುದೇ?” ಎಂದ ಮಗ. ದನಿಗಳು ಏರಿದುವು. ಅಕ್ಕ ನಡುವೆ ಬಂದು, “ಐಹೊಳೆಗೆ ಹೋಗೋಣ. ಆದರೆ ಎಲ್ಲವನ್ನೂ ನೋಡುವುದು ಬೇಡ. ನನಗೆ ಆ ಒಂದು ಶಾಸನ ಸಾಕು” ಎಂದಳು. ವಾದ ಅಲ್ಲಿಗೆ ನಿಂತಿತು.

ಶಾಸನವಿರುವ ಮೇಗುತಿ ಜಿನಾಲಯ ಬೆಟ್ಟದ ಮೇಲಿದೆ. ನಾಲ್ಕಾರು ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕನ ಮೊಣಕಾಲುಗಳು ಸೋತುವು. ಸೊಸೆ ಆಕೆಯ ಜೊತೆಗೆ ನೆರಳಿನಲ್ಲಿ ಉಳಿದಳು. ಅಕ್ಕ ಮೊಮ್ಮಗನನ್ನು ಕರೆದು, “ನನ್ನ ಪಾಲಿನದನ್ನು ನೀನು ನೋಡಿ ಬಾ. ಬಂದು ನನಗೆ ಹೇಳಬೇಕು” ಎಂದಳು. ಬೆಳಗಿನಿಂದ ಗೊಣಗುತ್ತಿದ್ದ ಹುಡುಗ ನಮ್ಮೆಲ್ಲರಿಗಿಂತ ಮುಂದಾಗಿ ಬೆಟ್ಟವೇರಿದ. ನಡುವೆ ಎರಡಂತಸ್ತಿನ ಬೌದ್ಧ ಮಂದಿರದ ನೆರಳಿನಲ್ಲಿ ಮಾತ್ರ ಕ್ಷಣಕಾಲ ನಿಂತ.

ಮೇಲೆ, ಪೂರ್ವದ ಗೋಡೆಗೆ ಆಗ ನೆರಳು ಬಿದ್ದಿತ್ತು. ಕ್ರಿ.ಶ. 634ರ ಶಾಸನವದು; ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷವರ್ಧನನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಬರೆದ ಕವಿ ರವಿಕೀರ್ತಿ ಕಾಳಿದಾಸ, ಭಾರವಿಗಳ ಹೆಸರನ್ನು ಹೇಳಿರುವುದರಿಂದ ಆ ಕವಿಗಳ ಕಾಲವನ್ನು ನಿರ್ಣಯಿಸಲು ವಿದ್ವಾಂಸರಿಗೆ ಇದು ಆಧಾರವಾಗಿದೆ. ಹುಡುಗನಿಗೆ ಒಂದಕ್ಷರವನ್ನೂ ಓದಲಾಗಲಿಲ್ಲ. ಆದರೂ ಬೆರಳನ್ನು ಕಲ್ಲಿಗೆ ತಾಗಿಸದೆ ಸಾಲುಗಳನ್ನು ಎರಡು ಸಲ ಎಣಿಸಿದ.

“ದೊಡ್ಡಜ್ಜಿ, ಹತ್ತೊಂಬತ್ತು ಸಾಲು!” ಎಂದು ಕೆಳಗಿಳಿದು ಬಂದು ಕೂಗಿದ. ಗೋಡೆಯ ಬಣ್ಣ, ಅಕ್ಷರಗಳ ದುಂಡು, ಮೇಲಿನಿಂದ ಕಂಡ ಊರು, ಎಲ್ಲವನ್ನೂ ಹೇಳಿದ. ಕಣ್ಮುಚ್ಚಿ ಕೇಳುತ್ತಿದ್ದ ಅಕ್ಕ ಕಡೆಗೆ, “ಅಷ್ಟು ಅಕ್ಷರಗಳನ್ನು ಕೊರೆಯುವಾಗ ಅವನಿಗೆ ಎಷ್ಟು ಬಾಯಾರಿತೋ! ಯಾರಾದರೂ ನೀರು ಕೊಟ್ಟಿರಬೇಕು” ಎಂದಳು.

ಇತಿಹಾಸದಲ್ಲಿ ನಾವು ಅರಸರ ಹೆಸರುಗಳನ್ನು ಕಲಿಯುತ್ತೇವೆ, ಅದು ಅಗತ್ಯ. ಆದರೆ ಉಳಿ ಹಿಡಿದವನ ಬೆವರನ್ನು ಪುಸ್ತಕ ಕಲಿಸಲಾರದು. ಅವನೂ ಇದೇ ಸೂರ್ಯನ ಕೆಳಗೆ, ಇದೇ ಕಲ್ಲಿನೊಡನೆ ದುಡಿದವನೆಂಬ ಅರಿವು ನಮ್ಮ ಮೈ ದಣಿದಾಗಲೇ ಮೂಡುತ್ತದೆ. ಆದುದರಿಂದ ನೀವು ಸ್ಮಾರಕಗಳನ್ನು ನೋಡಲು ಹೋದಾಗ ನೀರನ್ನೂ ತಲೆಗೊಂದು ವಸ್ತ್ರವನ್ನೂ ಮರೆಯದೆ ಒಯ್ಯಿರಿ. ಹತ್ತನ್ನು ಓಡುತ್ತ ನೋಡುವ ಬದಲು ಒಂದರ ಮುಂದೆ ನಿಲ್ಲಿರಿ. ಬರಲಾಗದವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಹೇಳಬೇಕೆಂಬ ಎಚ್ಚರದಿಂದ ನೋಡಿರಿ. ಹಾಗೆ ನೋಡಿದ್ದು ಮರೆಯುವುದಿಲ್ಲ.