ಇಂದಿನ ಧಮ್ಮ ಚಿಂತನೆ: ಕಿಟಕಿಯನ್ನೂ ನೆನೆಯೋಣ

ಕಳೆದ ಭಾನುವಾರ ಮಗ ಮೊಬೈಲ್ ತಂದು ನನ್ನ ಮುಂದೆ ಹಿಡಿದ. "ಅಪ್ಪ, ನೀವು ಸಣ್ಣವರಿದ್ದಾಗಿನ ಗೇಮ್ ಇದೇ ಅಲ್ವಾ?" ನೋಡಿದರೆ ಕಾಂಟ್ರಾ! ಆ ಸಂಗೀತ ಕಿವಿಗೆ ಬಿದ್ದದ್ದೇ ತಡ, ನಲವತ್ತು ದಾಟಿದ ಈ ಮೇಷ್ಟ್ರು ಏಳನೇ ಕ್ಲಾಸಿನ ಹುಡುಗನಾಗಿಬಿಟ್ಟ. 3 ಜೀವದ ಬದಲು 30 ಜೀವ ಸಿಗುವ ಗುಟ್ಟೂ ನೆನಪಿತ್ತು: ಎರಡು ಸಲ ಮೇಲೆ, ಎರಡು ಸಲ ಕೆಳಗೆ, ಎಡ, ಬಲ, ಎಡ, ಬಲ, ಆಮೇಲೆ ಬಿ, ಎ. "ದಿನಾ ಆಡ್ತಿದ್ವಿ ಕಣೋ, ಎಂಥಾ ದಿನಗಳು ಅವು!" ಎಂದೆ.

ಆಡಲು ಕೂತರೆ ಬೆರಳು ಓಡಲಿಲ್ಲ. ನಿಮಿಷ ಕಳೆಯುವುದರೊಳಗೆ ನಾಲ್ಕು ಜೀವ ಹೋಯಿತು. "ದಿನಾ ಆಡ್ತಿದ್ವಿ ಅಂದ್ರಲ್ಲಾ?" ಎಂದು ಮಗ ನಕ್ಕ. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಮಗ ಬಳಸಿದ್ದು ಎಮ್ಯುಲೇಟರ್ ಎಂಬ ತಂತ್ರಾಂಶ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರ ತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಂದದ್ದು ಅದರ ನಕಲುಗಳು: ಟಿವಿಗೆ ಸಿಕ್ಕಿಸುವ ಪೆಟ್ಟಿಗೆ, ವೈರಿನ ರಿಮೋಟ್, ಹಳದಿ ಕ್ಯಾಸೆಟ್. ಆ ಯಂತ್ರ ಮಾಡುತ್ತಿದ್ದ ಕೆಲಸವನ್ನೆಲ್ಲ ಎಮ್ಯುಲೇಟರ್ ಮೊಬೈಲಿನಿಂದ ಮಾಡಿಸುತ್ತದೆ. ಹಳೆಯ ಪೆಟ್ಟಿಗೆ ಇಲ್ಲದಿದ್ದರೂ ಆಟ ಎದ್ದು ಕೂರುತ್ತದೆ. ಕಾರಣಗಳು ಕೂಡಿದರೆ ಫಲ ಹುಟ್ಟುತ್ತದೆ ಎಂಬ ಪಟಿಚ್ಚಸಮುಪ್ಪಾದಕ್ಕೆ ತರಗತಿಯಲ್ಲಿ ಕೊಡಬಹುದಾದ ಉದಾಹರಣೆ ಇದು.

ನಮ್ಮ ಮನಸ್ಸೂ ಹೀಗೆಯೇ. ಕಿವಿಗೆ ಸದ್ದು ತಾಗಿತು, ಅದು ಫಸ್ಸ. ಹಿತವೆನಿಸಿತು, ಅದು ವೇದನಾ. ಆ ದಿನಗಳು ಮತ್ತೆ ಬೇಕೆನಿಸಿತು, ಅದು ತಣ್ಹಾ. ಎಮ್ಯುಲೇಟರಿನಲ್ಲಿ ಬೇಕಾದ ಗಳಿಗೆಯನ್ನು ಉಳಿಸಿಕೊಂಡು ಅಲ್ಲಿಗೇ ಮರಳುವ ಸೌಲಭ್ಯವಿದೆ. ತಣ್ಹಾ ಮಾಡುವುದೂ ಅದನ್ನೇ. ಹಿತವಾದದ್ದನ್ನಷ್ಟೇ ಉಳಿಸಿಕೊಳ್ಳುತ್ತದೆ.

ನಾನು ಉಳಿಸಿಕೊಳ್ಳದೆ ಬಿಟ್ಟದ್ದು ಒಂದು ಕಿಟಕಿ.

ನಮ್ಮ ಕೇರಿಯಲ್ಲಿ ಆಗ ಟಿವಿಯೇ ಇರಲಿಲ್ಲ. ಮೇಲಿನ ಬೀದಿಯಲ್ಲಿ ನನ್ನ ಕ್ಲಾಸಿನ ಹುಡುಗನೊಬ್ಬನ ಮನೆಯಲ್ಲಿ ಆ ಪೆಟ್ಟಿಗೆ ಇತ್ತು. ಅವನು ಪಡಸಾಲೆಯಲ್ಲಿ ಕೂತು ಆಡುತ್ತಿದ್ದ. ನಾವು ಮೂವರು ಹೊರಗೆ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆವು. ಒಳಗೆ ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗುಟ್ಟು ಗೊತ್ತಿದ್ದದ್ದು ನೋಡಿ ನೋಡಿ. ಒಂದು ದಿನ ಅವನು ವೈರು ಎಳೆದು ಸರಳಿನ ನಡುವೆ ರಿಮೋಟ್ ಕೊಟ್ಟ. ಎರಡು ನಿಮಿಷ ಆಡಿರಬೇಕು. ಅವರಜ್ಜಿ ಬಂದು ರಿಮೋಟ್ ಕಿತ್ತುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅವನು ತಲೆ ತಗ್ಗಿಸಿ ಕೂತ. ಮರುದಿನದಿಂದ ಕಿಟಕಿ ಮುಚ್ಚಿತ್ತು.

ಮೂವತ್ತು ವರ್ಷದಲ್ಲಿ ಕಿಟಕಿ ಅಳಿಸಿಹೋಗಿ ಆಟ ಮಾತ್ರ ಉಳಿಯಿತು. ಮಗನಿಗೆ ಹೇಳಿದ್ದು ಸುಳ್ಳು ಎಂದು ಹೇಳುವಾಗ ನನಗೇ ಅನಿಸಿರಲಿಲ್ಲ.

ಅಷ್ಟಾಂಗ ಮಾರ್ಗದ ಏಳನೆಯ ಅಂಗ ಸಮ್ಮಾ ಸತಿ. ಇದು ಸತಿ-ಪತಿಯ ಸತಿ ಅಲ್ಲ. ಸಂಸ್ಕೃತದ ಸ್ಮೃತಿ ಪಾಲಿಯಲ್ಲಿ ಸತಿ. ಮೂಲ ಅರ್ಥ ನೆನಪು. ನಾವು ಇದನ್ನು ಎಚ್ಚರ ಎನ್ನುತ್ತೇವೆ. ಎರಡೂ ಸರಿ. ಇದ್ದದ್ದನ್ನು ಇದ್ದ ಹಾಗೆ ನೆನೆಯುವುದೇ ಎಚ್ಚರ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ 1901ರ ಕೋರೆಗಾಂವ್ ಪ್ರಯಾಣ ಗೊತ್ತು. ತಂದೆಯನ್ನು ನೋಡಲು ಹೊರಟ ಮಕ್ಕಳು. ಸ್ಟೇಷನ್ ಮಾಸ್ತರರು ಜಾತಿ ತಿಳಿದು ಹಿಂದೆ ಸರಿದದ್ದು, ಗಾಡಿಯವರು ಒಪ್ಪದೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದದ್ದು, ಬುತ್ತಿ ಇದ್ದೂ ರಾತ್ರಿ ಕುಡಿಯಲು ನೀರು ಸಿಗದದ್ದು ಎಲ್ಲವೂ ಅಲ್ಲಿದೆ. ಜೊತೆಗೆ ಪ್ರಯಾಣಕ್ಕೆ ಹೊಲಿಸಿದ ಹೊಸ ಅಂಗಿ, ಮಿರುಗುವ ಟೋಪಿ, ರೇಷ್ಮೆ ಅಂಚಿನ ಧೋತರದ ಸಂಭ್ರಮವೂ ಇದೆ. ನೋವಿಗಾಗಿ ಸಂತೋಷವನ್ನು ಬಿಟ್ಟಿಲ್ಲ, ಸಂತೋಷಕ್ಕಾಗಿ ನೋವನ್ನು ಮರೆತಿಲ್ಲ. ಸಮ್ಮಾ ಸತಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

"ನಮ್ಮ ಕಾಲವೇ ಚೆಂದ, ಹಳ್ಳಿಯೇ ಚೆಂದ" ಎಂಬ ಸಂದೇಶಗಳು ಈ ಮೊಬೈಲಿಗೂ ದಿನಾ ಬರುತ್ತವೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ವೈಭವದ ಮಾತನ್ನು ಏಕೆ ಒಪ್ಪಲಿಲ್ಲ ಎಂಬುದು ಕಿಟಕಿಯ ಹೊರಗೆ ನಿಂತವರಿಗೆ ಅರ್ಥವಾಗುತ್ತದೆ. ನಾವೇ ಮರೆತರೆ ನಮ್ಮ ಮಕ್ಕಳಿಗೆ ಅದು ಹೇಗೆ ಅರ್ಥವಾದೀತು?

ಸೋಮವಾರ ಸಂಜೆ ಮಗನಿಗೆ ಎಲ್ಲ ಹೇಳಿದೆ, ಅಜ್ಜಿಯ ಒದ್ದೆ ಬಟ್ಟೆಯನ್ನೂ, ವೈರು ಎಳೆದುಕೊಟ್ಟ ಆ ಹುಡುಗನ ಕೈಯನ್ನೂ. ಅವನು ಸುಮ್ಮನೆ ಕೇಳಿದ. ಆಮೇಲೆ ಮೊಬೈಲ್ ನನ್ನ ಕೈಗಿಟ್ಟು, "ಈಗ ಆಡಿ ಅಪ್ಪ, ಎಷ್ಟು ಹೊತ್ತಾದ್ರೂ" ಎಂದ. ಆಡಿದೆ. ಮೊದಲ ಹಂತ ದಾಟಿದೆ. ಖುಷಿಯಾಯಿತು, ಆ ಖುಷಿಯಲ್ಲಿ ಸುಳ್ಳಿರಲಿಲ್ಲ.

ಇಂದಿನ ಅಭ್ಯಾಸ: ಬಾಲ್ಯದ ಒಂದು ಸವಿನೆನಪನ್ನು ಆರಿಸಿಕೊಂಡು ಐದು ನಿಮಿಷ ಕಣ್ಣು ಮುಚ್ಚಿ ಕೂರಿ. ಆಗ ನಾನು ಎಲ್ಲಿ ನಿಂತಿದ್ದೆ? ಜೊತೆಗೆ ಯಾರಿದ್ದರು? ಯಾರು ಒಳಗೆ, ಯಾರು ಹೊರಗೆ? ಸಿಟ್ಟು ಬಂದರೆ ಅದನ್ನೂ ನೋಡಿ, ಹಿಡಿದುಕೊಳ್ಳಬೇಡಿ. ಸಂಜೆ ಮನೆಯ ಮಕ್ಕಳಿಗೆ ಆ ನೆನಪನ್ನು ಪೂರ್ತಿಯಾಗಿ ಹೇಳಿ.

ನಮೋ ಬುದ್ಧಾಯ. ಜೈ ಭೀಮ್.