ಅಡ್ಯಾರಿನ ಮಹಿಳಾ ಸಂಘ

ವಿದ್ಯಾರ್ಥಿಗಳೇ, ಅಡ್ಯಾರಿನ ದೊಡ್ಡ ಆಲದ ಮರವನ್ನು ನಿಮ್ಮಲ್ಲಿ ಹಲವರು ಕಂಡಿರುವಿರಿ. ಅದೇ ಅಡ್ಯಾರಿನಲ್ಲಿ 1917ನೆಯ ಇಸವಿಯ ಮೇ 8ರಂದು ಭಾರತೀಯ ಮಹಿಳಾ ಸಂಘವು ಜನ್ಮತಾಳಿತು. ಆನಿ ಬೆಸೆಂಟರು ಅದರ ಅಧ್ಯಕ್ಷೆ. ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್ ಹಾಗೂ ಡೊರೊಥಿ ಜಿನರಾಜದಾಸ ಎಂಬವರು ಸಂಘದ ಭಾರವನ್ನು ಹೊತ್ತವರಲ್ಲಿ ಪ್ರಮುಖರು. ನೂರು ವರ್ಷಗಳನ್ನು ದಾಟಿದ ಆ ಸಂಘವು ನಮ್ಮ ನಗರದಲ್ಲಿ ಇಂದಿಗೂ ಇದೆ.

ಶಾಖೆಗಳಲ್ಲಿ ನಡೆಯುತ್ತಿದ್ದುದೇನು? ಅಕ್ಷರಾಭ್ಯಾಸ, ಹೊಲಿಗೆ, ಪ್ರಥಮ ಚಿಕಿತ್ಸೆ, ಉಪನ್ಯಾಸ, ಇಷ್ಟೇ. ಮನೆಯ ಹೊಸ್ತಿಲು ದಾಟುವುದೇ ದುಸ್ತರವಾಗಿದ್ದ ಕಾಲದಲ್ಲಿ ಇದು ಅಲ್ಪವಲ್ಲ. ಸಂಘವು 'ಸ್ತ್ರೀಧರ್ಮ' ಎಂಬ ಪತ್ರಿಕೆಯನ್ನೂ ಹೊರಡಿಸಿತು. ಅಮೆರಿಕದಲ್ಲಿಯೂ ಇಂಥದೇ ಪ್ರಯತ್ನ ನಡೆದಿತ್ತು. ಬಿಳಿಯ ಮಹಿಳೆಯರ ಅನೇಕ ಕೂಟಗಳು ತಮ್ಮನ್ನು ಸೇರಿಸಿಕೊಳ್ಳದಿರಲು, ಅಲ್ಲಿಯ ಕಪ್ಪು ಜನಾಂಗದ ವಿದ್ಯಾವಂತ ಸ್ತ್ರೀಯರು ತಮ್ಮವೇ ಅಧ್ಯಯನ ಕೂಟಗಳನ್ನು ಕಟ್ಟಿಕೊಂಡು, 1896ರಲ್ಲಿ ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಅದರ ಮೊದಲ ಅಧ್ಯಕ್ಷೆ ಮೇರಿ ಚರ್ಚ್ ಟೆರೆಲ್ ಉಪಾಧ್ಯಾಯಿನಿಯಾಗಿದ್ದವರೆಂಬುದು ನನ್ನಂಥವನಿಗೆ ಸಂತೋಷದ ಸಂಗತಿ.

1917ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾಂಟೆಗೂ ಮದರಾಸಿಗೆ ಬಂದರು. ಹೆಣ್ಣುಮಕ್ಕಳ ಶಿಕ್ಷಣದ ವಿಷಯವಾಗಿ ಅವರನ್ನು ಕಾಣಬೇಕೆಂದು ಕಸಿನ್ಸ್ ಬರೆದುಕೊಂಡರು. ರಾಜಕೀಯ ವಿಷಯವಾದರೆ ಮಾತ್ರ ಭೇಟಿಯೆಂದು ಉತ್ತರ ಬಂದಿತು. ಹಾಗಾದರೆ ಮತದಾನದ ಹಕ್ಕನ್ನೇ ಕೇಳೋಣವೆಂದು ಅವರು ನಿಶ್ಚಯಿಸಿದರು! ಸರೋಜಿನಿ ನಾಯಿಡು ಅವರ ಮುಂದಾಳುತನದಲ್ಲಿ ಮಹಿಳೆಯರ ನಿಯೋಗವು ಮಂತ್ರಿಗಳನ್ನು ಕಂಡಿತು. ನಿರಾಕರಿಸಲು ಬರೆದ ಉತ್ತರವೇ ದೊಡ್ಡ ಬೇಡಿಕೆಗೆ ದಾರಿಮಾಡಿಕೊಟ್ಟಿತು.

1921ರಲ್ಲಿ, ಬ್ರಿಟಿಷ್ ಪ್ರಾಂತಗಳ ಪೈಕಿ ಮೊಟ್ಟಮೊದಲಾಗಿ, ಮದರಾಸಿನ ಶಾಸನಸಭೆಯು ಸ್ತ್ರೀಯರಿಗೆ ಮತಾಧಿಕಾರ ನೀಡಿತು. ಆದರೆ ಆಸ್ತಿಯ ನಿಬಂಧನೆ ಇದ್ದುದರಿಂದ ಅದು ದಕ್ಕಿದುದು ಕೆಲವರಿಗೆ ಮಾತ್ರ. ಕೂಲಿಯ ಹೆಂಗಸಿಗೆ ಅದರಿಂದ ಏನೂ ಆಗಲಿಲ್ಲ. ಇದನ್ನು ಮರೆಮಾಚುವುದು ಸರಿಯಲ್ಲ. ಸಂಘದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ನಾಮಕರಣದಿಂದ ಶಾಸನಸಭೆಯ ಸದಸ್ಯೆಯಾಗಿ, 1927ರಲ್ಲಿ ಅದರ ಉಪಾಧ್ಯಕ್ಷರೂ ಆದರು.

ಅದಕ್ಕೆ ಮುಂಚೆ, 1926ರಲ್ಲಿ, ಸ್ತ್ರೀಯರಿಗೆ ಚುನಾವಣೆಗೆ ನಿಲ್ಲುವ ಹಕ್ಕೂ ದೊರೆತಿತ್ತು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಕಸಿನ್ಸರ ಪ್ರೋತ್ಸಾಹದಿಂದ ಮಂಗಳೂರಿನ ಮಗಳು, ಇಪ್ಪತ್ತಮೂರು ವಯಸ್ಸಿನ ಕಮಲಾದೇವಿ ಚಟ್ಟೋಪಾಧ್ಯಾಯರು ತಮ್ಮ ಊರಿನ ಕಡೆಯಿಂದಲೇ ಉಮೇದುವಾರರಾಗಿ ನಿಂತರು. ಸಿದ್ಧತೆಗೆ ಇದ್ದ ಕಾಲ ಅತ್ಯಲ್ಪ. ಅವರು ಸೋತರು, ಆದರೆ ಸೋತದ್ದು ಕೆಲವೇ ಮತಗಳಿಂದ.